ಅಣ್ಣಯ್ಯನ ಕಡೆಗೆ, ಮುಂಬಯಿಯವರೆಗೆ

ಮಸ್ಕತ್ ಹೇಗಿತ್ತು ಎಂದು ಮೈಸೂರಿನಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ನಾನು ಮುಂಬಯಿಯ ಕಥೆ ಶುರು ಮಾಡುತ್ತೇನೆ. ಈಗ ಮರಳುಗಾಡು ಬರುತ್ತದೆ, ಈಗ ಒಂಟೆ ಬರುತ್ತದೆ ಎಂದು ಅವರು ಸ್ವಲ್ಪ ಹೊತ್ತು ಕಾಯುತ್ತಾರೆ. ಬರುವುದಿಲ್ಲ. ನನ್ನ ಜೀವಮಾನದ ಒಂದೇ ಒಂದು ವಿದೇಶ ಪ್ರವಾಸದ ಬಹುಪಾಲು ಮುಂಬಯಿಯಲ್ಲೇ ಕಳೆದುಹೋಯಿತು. ನೋಡಬೇಕೆಂದು ಹೊರಟದ್ದು ಅಣ್ಣಯ್ಯನನ್ನು.

ಅಣ್ಣಯ್ಯ ಎಂದರೆ ನಮ್ಮ ದೊಡ್ಡಣ್ಣ ಸೀತಾರಾಮ. ಮಸ್ಕತ್ತಿನಲ್ಲಿ ವಿಮಾನದ ಮೂಲಕ ಸರಕು ಕಳಿಸುವ ಒಂದು ಕಚೇರಿಯಲ್ಲಿ ಬಹಳ ವರ್ಷ ದುಡಿದವನು. ಅಲ್ಲಿಗೆ ಹೋಗುವ ಮುಂಚೆ ಮುಂಬಯಿಯ ಕುರ್ಲಾದಲ್ಲಿ ವಠಾರದಂಥ ಒಂದು ಚಾಳಿನಲ್ಲಿದ್ದ. ಮಕ್ಕಳಿಲ್ಲ. ಅವನು ಮತ್ತು ಲಲಿತತ್ತಿಗೆ ಇಬ್ಬರೇ. ಕಳೆದ ಬೇಸಿಗೆಯಲ್ಲಿ ಅವನ ಕಿಡ್ನಿ ಕೈಕೊಟ್ಟಿತು, ಆಮೇಲೆ ಹೃದಯವೂ ಹಟ ಹಿಡಿಯಿತು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುತ್ತಾ ನಿವೃತ್ತಳಾದವಳು. ಅತ್ತಿಗೆ ಫೋನಿನಲ್ಲಿ ರಿಪೋರ್ಟು ಓದಿದಾಗಲೇ ನನಗೆ ಅರ್ಥವಾಗಿತ್ತು. ತಮ್ಮ ಪ್ರಸನ್ನನಿಗೆ ಇಷ್ಟೇ ಹೇಳಿದೆ: "ಹೋಗೋಣ ಕಣೋ. ತಡ ಮಾಡೋದು ಬೇಡ."

ಬೆಂಗಳೂರು, ಕಿಟಕಿ ಪಕ್ಕ

ಪ್ರಸನ್ನ ವಿಮಾನ ಹತ್ತಿದ್ದು ಅದೇ ಮೊದಲು. ಐವತ್ತು ದಾಟಿದ ಗಂಡಸು, ಮೈಸೂರಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವವನು. ತಪಾಸಣೆಯ ಜಾಗದಲ್ಲಿ ಬೆಲ್ಟು ಬಿಚ್ಚಿಸಿದ್ದಕ್ಕೆ ಮದುವೆ ಮನೆಯಲ್ಲಿ ಪಂಚೆ ಜಾರಿದವನಂತೆ ನಾಚಿಕೊಂಡ. ಕಿಟಕಿ ಪಕ್ಕದ ಸೀಟು ಅವನಿಗೇ ಕೊಟ್ಟೆ. ಮಧ್ಯೆ ನಾನು. ಈ ಕಡೆ ಕೂತವರು ಗುಜರಾತಿ ಹೆಂಗಸು, ಮುಂಬಯಿಯ ಮಲಾಡಿನವರು, ಮಗಳ ಬಾಣಂತನ ಮುಗಿಸಿಕೊಂಡು ಮನೆಗೆ ಹೊರಟಿದ್ದರು.

ಬಾಗಿಲು ಹಾಕಿದರು. ವಿಮಾನ ಹೊರಡಲಿಲ್ಲ. ಮುಂಬಯಿಯಲ್ಲಿ ದಟ್ಟಣೆ ಇದೆ, ಅಲ್ಲಿಂದ ಅನುಮತಿ ಬರುವ ತನಕ ಇಲ್ಲೇ ಕಾಯಬೇಕು ಎಂದು ಪೈಲಟ್ ಹೇಳಿದ. ಪ್ರಸನ್ನ ನನ್ನ ಕಡೆ ತಿರುಗಿದ. "ಮುಂಬಯಿಲಿ ಟ್ರಾಫಿಕ್ ಜಾಮ್ ಆದ್ರೆ ಬೆಂಗಳೂರಲ್ಲಿ ಯಾಕೆ ನಿಲ್ಲಿಸ್ತಾರೆ, ಅಕ್ಕ?"

ನನಗೇನು ಗೊತ್ತು? ನಮ್ಮ ಮೈಸೂರಿನ ಮಂಡಕಳ್ಳಿಯಲ್ಲಿ ವಿಮಾನ ಇಳಿದರೆ ರಸ್ತೆಯಲ್ಲಿ ಹೋಗುವವರು ಸ್ಕೂಟರ್ ನಿಲ್ಲಿಸಿ ನೋಡುತ್ತಾರೆ. ಆಕಾಶದಲ್ಲೂ ನೂಕುನುಗ್ಗಲು ಇರಬಹುದು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

ಮುಂಬಯಿಯಿಂದ ಮಸ್ಕತ್ತಿನ ವಿಮಾನ ಮಧ್ಯಾಹ್ನಕ್ಕಿತ್ತು. ಬೇಕಾದಷ್ಟು ಸಮಯವಿದೆ ಎಂದೇ ಮುಂಬಯಿಯವರೆಗೊಂದು, ಅಲ್ಲಿಂದ ಮುಂದಕ್ಕೊಂದು ಬೇರೆ ಬೇರೆ ಟಿಕೆಟ್ ತೆಗೆದಿದ್ದೆವು. ಗುಜರಾತಿ ಹೆಂಗಸು ಮಾತ್ರ ಚೀಲದಿಂದ ಜಪಮಾಲೆ ತೆಗೆದು ಕೈಗೆ ಸುತ್ತಿಕೊಂಡರು. "ಬಾಂಬೆ ಹೈ," ಎಂದರು. "ಟೈಮ್ ಕಾ ಭರೋಸಾ ನಹೀಂ."

ಮುಂಬಯಿಯ ಮೇಲೆ

ಸಮುದ್ರ ಕಂಡಿತು, ಆಮೇಲೆ ಊರು ಕಂಡಿತು, ಮತ್ತೆ ಸಮುದ್ರ ಕಂಡಿತು. ಪ್ರಸನ್ನ ಮೊದಲ ಸಲ "ಅಕ್ಕ, ಮುಂಬಯಿ!" ಎಂದು ಕೂಗಿದ. ಎರಡನೆಯ ಸಲವೂ ಕೂಗಿದ. ಆಮೇಲೆ ಸುಮ್ಮನಾದ. ಅದೇ ಬೆಟ್ಟ, ಅದೇ ನೀರು, ನೀರಿನ ಮೇಲೆ ಅದೇ ಬಿಳಿ ದೋಣಿ. ಕೆಳಗೆ ದೂರದಲ್ಲಿ ಇನ್ನೊಂದು ವಿಮಾನ ನಮ್ಮಂತೆಯೇ ಓರೆಯಾಗಿ ತಿರುಗುತ್ತಿತ್ತು. ಇಳಿಯಲು ನಮ್ಮ ಸರದಿ ಬರಬೇಕು, ಮುಂದೆ ಬಹಳ ವಿಮಾನಗಳಿವೆ ಎಂದು ಪೈಲಟ್ ಇನ್ನೊಮ್ಮೆ ಹೇಳಿದ. ದಿನವೂ ಇದನ್ನೇ ಹೇಳಿ ರೂಢಿಯಾದವನ ದನಿ ಅದು.

ಮುಂಬಯಿಯವರ ಒಂದು ಗುಣ ಅಲ್ಲಿ ಕಂಡೆ. ಬೈಯುವುದು ಮುಗಿದ ತಕ್ಷಣ ಸಂಸಾರ ಹೂಡುತ್ತಾರೆ. ಹಿಂದಿನ ಸಾಲಿನವನು ಬೂಟು ಬಿಚ್ಚಿ ಕಾಲು ಮಡಿಸಿದ. ಮುಂದಿನವರು ಯಾರದೋ ಮಗುವನ್ನು ಎತ್ತಿಕೊಂಡು ಆಡಿಸಿದರು. ನಮ್ಮ ಪಕ್ಕದವರು ಡಬ್ಬಿ ತೆಗೆದು ಮೆಂತ್ಯದ ಚಪಾತಿಯಂಥ ಥೇಪ್ಲಾ ಹಂಚಲು ಶುರು ಮಾಡಿದರು, ಕೇಳಿದವರಿಗೂ ಕೇಳದವರಿಗೂ. ನನ್ನ ಕೈಯಲ್ಲೂ ಒಂದು ಸುರುಳಿ ಇಟ್ಟರು. ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು. ನನ್ನ ಹರಕು ಹಿಂದಿಯಲ್ಲಿ ಅಣ್ಣನಿಗೆ ಹುಷಾರಿಲ್ಲ ಎಂದೆ. ಅವರು ಕೈಗೆ ಸುತ್ತಿದ್ದ ಮಾಲೆಯನ್ನು ಬಿಡಿಸಿ ಒಂದೊಂದೇ ಮಣಿ ಎಣಿಸತೊಡಗಿದರು. ನನಗಾಗಿ ಎಂದು ಗೊತ್ತಾಯಿತು.

ಕೊನೆಗೂ ಇಳಿದೆವು. ಚಕ್ರ ನೆಲ ಮುಟ್ಟಿದ್ದೇ ತಡ ಜನ ಎದ್ದು ನಿಂತರು. ಆದರೆ ವಿಮಾನ ನಿಲ್ಲಿಸಲು ಜಾಗ ಖಾಲಿ ಇರಲಿಲ್ಲ. ಎದ್ದವರು ತಲೆ ಬಗ್ಗಿಸಿಕೊಂಡು ಹಾಗೇ ನಿಂತೇ ಇದ್ದರು. ಪ್ರಸನ್ನ ಫೋನು ಆನ್ ಮಾಡಿದ. ಅಣ್ಣಯ್ಯನ ಸಂದೇಶಗಳು ಒಂದರ ಹಿಂದೊಂದು ಬಂದು ಬಿದ್ದವು.

ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿ ಅವನು ನಮ್ಮ ವಿಮಾನವನ್ನು ಫೋನಿನಲ್ಲಿ ನೋಡುತ್ತಿದ್ದ. ಸರಕಿನ ವಿಮಾನಗಳ ಬೆನ್ನು ಹತ್ತಿ ನೋಡುವುದೇ ಅವನ ಜೀವಮಾನದ ಕೆಲಸವಾಗಿತ್ತಲ್ಲ. ಮೊದಲ ಸಂದೇಶ: "ಹೊರಟ್ರಿ. ಸಂತೋಷ." ಆಮೇಲೆ: "ಈಗ ಗೋವಾ ದಾಟಿದ್ರಿ." ಆಮೇಲೆ: "ಪ್ರಸನ್ನ, ಯಾಕೋ ಅಲ್ಲೇ ಗಿರಗಿಟ್ಲೆ ಆಡ್ತಿದ್ದೀರಿ? ಸುಮಿತ್ರಂಗೆ ತಲೆ ಸುತ್ತುತ್ತೆ, ಕಣ್ಣು ಮುಚ್ಚಿಕೊಳ್ಳೋಕೆ ಹೇಳು." ಕೊನೆಯದು ಒಂದೇ ಮಾತು: "ಇಳಿದ್ರಾ?"

ಪ್ರಸನ್ನ ಜೋರಾಗಿ ನಕ್ಕ. ಸುಮಿತ್ರಾ ಎಂದರೆ ನಾನೇ, ನನಗೂ ನಗು ಬಂತು.

ಎರಡು ಟರ್ಮಿನಲ್‌ಗಳ ನಡುವೆ

ನಾವು ಇಳಿದದ್ದು ಒಂದು ಟರ್ಮಿನಲ್, ಮಸ್ಕತ್ತಿಗೆ ಹೋಗುವವರು ಹತ್ತಬೇಕಾದದ್ದು ಇನ್ನೊಂದು. ಎರಡೂ ಒಂದೇ ನಿಲ್ದಾಣ ಎನ್ನುತ್ತಾರೆ. ಆದರೆ ಒಂದರಿಂದ ಇನ್ನೊಂದಕ್ಕೆ ಊರೊಳಗಿನ ರಸ್ತೆಯಲ್ಲೇ ಹೋಗಬೇಕು. ಟ್ಯಾಕ್ಸಿ ಫ್ಲೈಓವರಿನ ಕೆಳಗೆ ನಿಂತುಬಿಟ್ಟಿತು. ನಮ್ಮ ತಲೆಯ ಮೇಲೆ ವಿಮಾನಗಳು ಒಂದು ಹೋದ ಸದ್ದು ಅಡಗುವ ಮೊದಲೇ ಇನ್ನೊಂದು ಹಾರುತ್ತಿದ್ದವು.

ಅಣ್ಣಯ್ಯ ಕುರ್ಲಾದ ಚಾಳಿನ ಕಥೆ ಹೇಳುತ್ತಿದ್ದದ್ದು ನೆನಪಾಯಿತು. ಅವನು ಇದ್ದ ಕಾಲದಲ್ಲಿ ವಿಮಾನದ ಸದ್ದು ಕೇಳಿದರೆ ಮಕ್ಕಳು ಗ್ಯಾಲರಿಗೆ ಓಡಿ ಬಂದು ಕೈಬೀಸುತ್ತಿದ್ದರಂತೆ. ಈಗ ಕೈಬೀಸಲು ಹೊರಟರೆ ಮಕ್ಕಳು ಊಟಕ್ಕೆ ಕೂರುವಂತಿಲ್ಲ. ಡ್ರೈವರ್ ಕೂಡ ಅದನ್ನೇ ಅಂದ. ಖಾಡಿಯ, ಅಂದರೆ ಸಮುದ್ರದ ಹಿನ್ನೀರಿನ, ಆ ಕಡೆ ಹೊಸ ನಿಲ್ದಾಣ ಕಟ್ಟಿದ್ದಾರೆ, ಆದರೂ ಇಲ್ಲಿ ಗರ್ದಿ ಕಮ್ಮಿಯಾಗುವುದಿಲ್ಲ, ಯಾಕೆಂದರೆ ಎಲ್ಲರಿಗೂ ಎಲ್ಲಿಗೋ ಹೋಗಬೇಕು ಎಂದ. "ಆಪ್ ಕೋ ಭೀ ತೋ ಜಾನಾ ಹೈ ನಾ, ಮಾಜೀ?"

ನಾವು ತಲುಪಿದಾಗ ಕೌಂಟರ್ ಮುಚ್ಚಿತ್ತು. ವಿಮಾನ ಇನ್ನೂ ಅಲ್ಲೇ ನಿಂತಿದೆ, ಗಾಜಿನ ಆಚೆ ಎಲ್ಲೋ ಇದೆ, ಆದರೆ ನಾವು ಹತ್ತುವಂತಿಲ್ಲ. ಅಲ್ಲಿದ್ದ ಹುಡುಗಿ ಒಳ್ಳೆಯವಳು. ಎರಡು ಸಲ ಫೋನು ಮಾಡಿ ವಿಚಾರಿಸಿದಳು. ಪ್ರಸನ್ನ ಅವಳಿಗೆ ಕನ್ನಡದಲ್ಲಿ ಹೇಳುತ್ತಲೇ ಇದ್ದ. "ನಮ್ಮಣ್ಣ ಆಸ್ಪತ್ರೇಲಿದ್ದಾನಮ್ಮ. ನಾವು ಬೆಳಗ್ಗೇನೇ ಹೊರಟಿದ್ವಿ. ಮೇಲೆ ಸುತ್ತಿಸಿದ್ದು ನಾವಲ್ಲ." ಅವಳಿಗೆ ಒಂದಕ್ಷರ ತಿಳಿಯದಿದ್ದರೂ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ, ಇವತ್ತು ನಾಳೆ ಎಲ್ಲವೂ ಭರ್ತಿ, ಗಲ್ಫಿನ ಯಾವ ಊರಿಗೂ ಸೀಟಿಲ್ಲ ಎಂದಳು.

ಇಷ್ಟೊಂದು ವಿಮಾನಗಳು. ಇಬ್ಬರಿಗೆ ಜಾಗವಿಲ್ಲ. ಯಾರನ್ನು ಬೈಯಬೇಕು ಎಂದು ಹುಡುಕಿದರೆ ಬೈಯಲು ಒಬ್ಬರೂ ಸಿಗಲಿಲ್ಲ. ಆ ಸಂಕಟವೇ ಬೇರೆ.

ಮಲಾಡ್

ಚಿಕ್ಕಪ್ಪನ ಮಗ ರಮೇಶ ಮಲಾಡಿನಲ್ಲಿದ್ದಾನೆ. ಫೋನು ಮಾಡಿದ್ದೇ ತಡ ಮನೆಗೆ ಬನ್ನಿ ಎಂದ. ಅವನ ಹೆಂಡತಿ ವಂದನಾ ಮರಾಠಿಯವಳು. ಮದುವೆಯಾಗಿ ಬಂದ ಮೇಲೆ ನಮ್ಮ ಚಿಕ್ಕಮ್ಮನ ಹತ್ತಿರ ಕನ್ನಡ ಕಲಿತವಳು. ಮಗಳು ಶ್ರೇಯಾಳಿಗೆ ಗೋರೆಗಾಂವಿನಲ್ಲಿ ಕೆಲಸ. ಅವಳ ಕನ್ನಡ ಎಡವುತ್ತಾ ನಡೆಯುತ್ತದೆ. "ಅತ್ತೆ, ನೀವು ಟೆನ್ಷನ್... ಕ್ಯಾ ಬೋಲ್ತೇ... ಮಾಡಬೇಡಿ. ನಾನು ಆನ್‌ಲೈನ್ ದೇಖ್ತೀನಿ ಸೀಟು," ಎಂದು ನನ್ನ ಕೈ ಹಿಡಿದುಕೊಂಡಳು.

ಎರಡು ಕೋಣೆಯ ಮನೆ. ನಮ್ಮ ಮೈಸೂರಿನ ಹಜಾರದಷ್ಟು ಜಾಗದಲ್ಲಿ ಮೂವರು ಬದುಕುತ್ತಾರೆ. ಆದರೂ ನಾವಿಬ್ಬರು ಬಂದದ್ದು ಭಾರ ಎಂದು ಅವರಿಗೆ ಅನ್ನಿಸಿದಂತೆ ಕಾಣಲಿಲ್ಲ. ಊಟದ ಮೇಜನ್ನು ಗೋಡೆಗೆ ಮಡಚಿದರೆ ಅದೇ ಮಲಗುವ ಜಾಗ. ವಂದನಾ ಚಪಾತಿ ಲಟ್ಟಿಸುತ್ತಲೇ ಹಾಸಿಗೆ ಎಲ್ಲಿ ಹಾಕಬೇಕೆಂದು ಗಂಡನಿಗೆ ಹೇಳುತ್ತಿದ್ದಳು.

ಸಂಜೆ ಅಣ್ಣಯ್ಯ ವಿಡಿಯೋದಲ್ಲಿ ಬಂದ. ಮುಖ ಊದಿತ್ತು. ಬಿಳಿ ಗಡ್ಡ ಬೆಳೆದಿತ್ತು. ಅವನನ್ನು ಗಡ್ಡದಲ್ಲಿ ನೋಡಿದ್ದು ಅದೇ ಮೊದಲು.

"ಎಷ್ಟು ಸುತ್ತು ಹೊಡೆದ್ರೋ?" ಎಂದ.

"ಲೆಕ್ಕ ತಪ್ಪಿಹೋಯ್ತು ಅಣ್ಣಯ್ಯ," ಎಂದ ಪ್ರಸನ್ನ.  "ಕ್ಷಮಿಸಿಬಿಡು, ಬರೋಕಾಗ್ಲಿಲ್ಲ."

"ನೀನ್ಯಾಕೋ ಕ್ಷಮೆ ಕೇಳ್ತೀಯ? ನೀನೇನು ವಿಮಾನ ಓಡಿಸಿದ್ಯಾ? ಇರೋದು ಅಷ್ಟೇ ಅಗಲದ ಬಾಗಿಲು, ಊರಿಗೂರೇ ಬಂದು ನಿಂತರೆ ಹೀಗೇ. ಲೋಕಲ್ ಟ್ರೈನ್ ತರಾನೇ. ಯಾರದೂ ತಪ್ಪಲ್ಲ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. "ಸುಮಿತ್ರಾ, ವಂದನಾ ಕೈಲಿ ಆಮ್ಟಿ ಸಾರು ಮಾಡಿಸ್ಕೊಂಡು ತಿನ್ನು. ಚೆನ್ನಾಗಿ ಮಾಡ್ತಾಳೆ."

"ನೀನು ಏನು ತಿಂದೆ?"

"ಇವಳು ಗಂಜಿ ಕುಡಿಸಿದ್ಲು. ಉಪ್ಪಿಲ್ಲ. ಅದೂ ಒಂದು ಗಂಜಿಯಾ?"

ಅತ್ತಿಗೆ ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಕೋಣೆಯಿಂದ ಹೊರಗೆ ಬಂದರು. ಆ ದಿನದ ರಿಪೋರ್ಟು ಓದಿದರು. ಒಂದೊಂದು ಅಂಕಿಯನ್ನೂ ಕೇಳಿ ನಾನು "ಹ್ಞೂಂ, ಹ್ಞೂಂ" ಎಂದೆ.  ನನ್ನ ಮುಖ ನೋಡುತ್ತಿದ್ದ ಪ್ರಸನ್ನ ಎದ್ದು ಬಾಲ್ಕನಿಗೆ ಹೋದ.

ಶ್ರೇಯಾ ಅಷ್ಟರಲ್ಲಿ ಹುಡುಕಿ ಹುಡುಕಿ ಸೋತಿದ್ದಳು. ಬಾಂದ್ರಾದಲ್ಲಿ ರಮೇಶನಿಗೆ ಪರಿಚಯದ ಟ್ರಾವೆಲ್ ಏಜೆಂಟ್ ಇದ್ದರು. ಯಾರಾದರೂ ಟಿಕೆಟ್ ರದ್ದು ಮಾಡಿದರೆ ತಿಳಿಸುವುದಾಗಿ ಅವರು ಹೇಳಿದರು. ಬೆಳಿಗ್ಗೆ ಅವರ ಫೋನು ಬಂತು. ಮರುದಿನಕ್ಕೆ ಸೀಟು ಸಿಕ್ಕಿದೆ. ಒಂದೇ ಒಂದು.

ಬಾಂದ್ರಾ

ಲೋಕಲ್‌ನಲ್ಲಿ ಬಾಂದ್ರಾಗೆ ಹೋಗುವಷ್ಟು ದಾರಿಯೂ ಯಾರು ಹೋಗಬೇಕೆಂಬುದೇ ಮಾತು. ನಾನು ಹೆಂಗಸರ ಡಬ್ಬಿಗೆ ಹೋಗಲಿಲ್ಲ, ಅವನನ್ನು ಬಿಟ್ಟು ಹೋದರೆ ಅವನು ಕಳೆದುಹೋಗುತ್ತಾನೆಂಬ ಭಯ. ಬಾಗಿಲ ಬಳಿ ಇಬ್ಬರೂ ಒಂದೇ ಕಂಬ ಹಿಡಿದು ನಿಂತಿದ್ದೆವು.

"ನೀನು ಹೋಗಕ್ಕ. ನಿನಗೆ ಡಾಕ್ಟರ ಭಾಷೆ ಬರುತ್ತೆ. ಅತ್ತಿಗೆಗೂ ಜೊತೆಯಾಗುತ್ತೆ."

"ಡಾಕ್ಟರು ಹೇಳೋದು ಏನೂ ಉಳಿದಿಲ್ಲ ಪ್ರಸನ್ನ. ನೀನು ಹೋಗು."

ಅವನು ನನ್ನ ಮುಖವನ್ನೇ ನೋಡಿದ. ನಾನು ಅಲ್ಲಿಯವರೆಗೆ ಅಷ್ಟು ಬಿಡಿಸಿ ಹೇಳಿರಲಿಲ್ಲ. ಅಪ್ಪ ಹೋದಾಗ ಪ್ರಸನ್ನ ಇನ್ನೂ ಶಾಲೆಯಲ್ಲಿದ್ದ. ಅವನಿಗೆ ಸೈಕಲ್ ಹತ್ತಲು ಕಲಿಸಿದ್ದು, ಗಡ್ಡ ಹೆರೆದುಕೊಳ್ಳಲು ಕಲಿಸಿದ್ದು ಎಲ್ಲ ರಜೆಗೆ ಬಂದ ಅಣ್ಣಯ್ಯನೇ. ಹೋಗಬೇಕಾದವನು ಅವನೇ. ಅವನಿಗೆ ಒಬ್ಬನೇ ಹೋಗಲು ಭಯ. ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ. ಅಣ್ಣಯ್ಯನಿಗೇ ಫೋನು ಮಾಡಿದೆವು. ಗದ್ದಲದಲ್ಲಿ ಅವನ ದನಿ ಸಣ್ಣದಾಗಿ ಕೇಳಿಸಿತು.

"ಒಬ್ಬನೇ ಬಾರೋ. ಏನಾಗುತ್ತೆ? ಇಳಿದ ಮೇಲೆ ಜನ ಎಲ್ಲಿ ಹೋಗ್ತಾರೋ ಅಲ್ಲಿ ಹೋಗು. ಹೊರಗೆ ನಮ್ಮ ಆಫೀಸಿನ ಹುಡುಗ ಬಂದು ನಿಂತಿರ್ತಾನೆ." ಪ್ರಸನ್ನ ಕೊನೆಗೆ ತಲೆಯಾಡಿಸಿದ.

ಏಜೆಂಟ್ ಮಧ್ಯವಯಸ್ಸಿನ ಮರಾಠಿ ಹೆಂಗಸು, ಸ್ಟೇಷನ್ ಹತ್ತಿರದ ಮಹಡಿಯ ಮೇಲೆ ಸಣ್ಣ ಆಫೀಸು. ಪ್ರತಿ ವರ್ಷ ಹೊಸ ಹೊಸ ವಿಮಾನ ಬರುತ್ತವೆ, ಆದರೂ ದಿನಾ ಹೀಗೆ ಅಳುತ್ತಾ ಬರುವವರನ್ನು ನೋಡುತ್ತೇನೆ ಎಂದು ಹಿಂದಿಯಲ್ಲಿ ಹೇಳುತ್ತಲೇ ಕಂಪ್ಯೂಟರಿನ ಮೇಲೆ ಬೆರಳಿಟ್ಟರು. "ಪೂರಾ ನಾಮ್?"

ಪ್ರಸನ್ನ ಪಾಸ್‌ಪೋರ್ಟ್ ತೆರೆದು ಒಂದೊಂದೇ ಅಕ್ಷರ ಓದತೊಡಗಿದ. ಆಗ ನನ್ನ ಫೋನು ಅದುರಿತು.

"ಸುಮಿತ್ರಾ," ಎಂದರು ಅತ್ತಿಗೆ. "ಹೊರಡಬೇಡಿ."

ಅಷ್ಟೇ ಅಂದದ್ದು. ಆಮೇಲೆ ಆ ಕಡೆಯಿಂದ ಆಸ್ಪತ್ರೆಯ ಯಾವುದೋ ಯಂತ್ರದ ಸದ್ದು, ಯಾರೋ ಅರಬಿಯಲ್ಲಿ ಮಾತಾಡುವುದು, ಅತ್ತಿಗೆಯ ಉಸಿರು. ಪ್ರಸನ್ನ ಇನ್ನೂ ಅಕ್ಷರ ಹೇಳುತ್ತಲೇ ಇದ್ದ. ಅವನ ಹೆಸರು ಮುಗಿದು ಅಪ್ಪನ ಹೆಸರಿಗೆ ಬಂದಿದ್ದ. ಟೈಪು ಮಾಡುತ್ತಿದ್ದವರಿಗೆ ನನ್ನ ಮುಖ ಕಂಡಿತು. ಅವರ ಬೆರಳು ನಿಂತಿತು. ಅವರು ನಿಲ್ಲಿಸಿದ್ದು ನೋಡಿ ಅವನು ತಿರುಗಿದ.

"ಏನಕ್ಕ?"

ನಾನು ಅವನ ಕೈಯಿಂದ ಪಾಸ್‌ಪೋರ್ಟ್ ತೆಗೆದುಕೊಂಡೆ.

ಏಜೆಂಟ್ ಎದ್ದು ಫ್ಯಾನ್ ಜೋರು ಮಾಡಿದರು, ನೀರು ತಂದಿಟ್ಟರು, ಹೊರಗೆ ಕಾದಿದ್ದವರನ್ನು ಆಮೇಲೆ ಬನ್ನಿ ಎಂದು ಕಳಿಸಿ ಬಾಗಿಲು ಎಳೆದುಕೊಂಡರು. ನಾವು ಎಷ್ಟು ಹೊತ್ತು ಬೇಕಾದರೂ ಅಲ್ಲಿ ಕೂತಿರಬಹುದಿತ್ತು.

ಅಲ್ಲಿಂದ ಮಲಾಡಿಗೆ ಹೋಗಲು ಪ್ರಸನ್ನನಿಗೆ ಮನಸ್ಸಾಗಲಿಲ್ಲ. ರಿಕ್ಷಾದವನು ಸಮುದ್ರದ ಹತ್ತಿರ ಇಳಿಸಿದ. ಕಲ್ಲುಗಳ ಮೇಲೆ ಪ್ರೇಮಿಗಳ ಜೋಡಿಗಳು, ಕಡಲೆಕಾಯಿ ಮಾರುವವರು. ಉತ್ತರದ ಕಡೆ ಭೂಮಿಯ ಅಂಚಿನಿಂದ ವಿಮಾನಗಳು ಏಳುತ್ತಿದ್ದವು. ಒಂದು ಎದ್ದು ನೀರಿನ ಮೇಲೆ ಸಾಗಿ ಮರೆಯಾಗುವುದರೊಳಗೆ ಮತ್ತೊಂದು. ಪ್ರಸನ್ನ ಬಹಳ ಹೊತ್ತು ನೋಡಿದ. "ಇವುಗಳಲ್ಲಿ ಯಾವುದೋ ಒಂದು ಅಲ್ಲಿಗೇ ಹೋಗುತ್ತೆ ಅಲ್ವಾ ಅಕ್ಕ?" ಎಂದ. ಆಮೇಲೆ ಅತ್ತ. ಗಂಡಸು ಹಾಗೆ ಅಳುವುದನ್ನು ನೋಡಿ ಕಡಲೆಕಾಯಿಯವನು ತನ್ನ ಬುಟ್ಟಿಯನ್ನು ಸ್ವಲ್ಪ ದೂರ ಸರಿಸಿಕೊಂಡು, ಯಾರೂ ನಮ್ಮ ಹತ್ತಿರ ಬರದಂತೆ ದಾರಿಗೆ ಅಡ್ಡವಾಗಿ ಕೂತ.

ಸಹಾರ್

ಅಣ್ಣಯ್ಯನನ್ನು ಇಲ್ಲಿಗೇ ಕರೆತರುವುದೆಂದು ಅತ್ತಿಗೆ ನಿರ್ಧರಿಸಿದರು. ಮೈಸೂರಿಗೆ ಒಯ್ಯಲು ಮುಂಬಯಿಯಲ್ಲಿ ಇಳಿಸಿ ಮತ್ತೊಂದು ವಿಮಾನಕ್ಕೆ ಕಾಯಬೇಕಿತ್ತು. "ಇನ್ನು ಅವರನ್ನ ಕಾಯಿಸೋದು ಬೇಡ ಸುಮಿತ್ರಾ. ಮುಂಬಯಿ ಅಂದ್ರೆ ಅವರಿಗೆ ಊರೇ." ಅವನ ಆಫೀಸಿನವರು ಓಡಾಡಿ ಎಲ್ಲ ವ್ಯವಸ್ಥೆ ಮಾಡಿದರು. ಅದಕ್ಕೂ ಕೆಲವು ದಿನ ಹಿಡಿಯಿತು.

ಬಂದ ದಿನ ನಾವು ಎರಡು ಭಾಗವಾದೆವು. ಅತ್ತಿಗೆ ಬರುವುದು ಪ್ರಯಾಣಿಕರ ಬಾಗಿಲಲ್ಲಿ, ಅಣ್ಣಯ್ಯ ಬರುವುದು ಸರಕಿನ ಬಾಗಿಲಲ್ಲಿ. ಒಂದೇ ವಿಮಾನದಲ್ಲಿ ಬಂದ ಗಂಡ ಹೆಂಡತಿಗೆ ಬೇರೆ ಬೇರೆ ಬಾಗಿಲು. ಪ್ರಸನ್ನ ಮತ್ತು ರಮೇಶ ನಿಲ್ದಾಣದ ಪಕ್ಕದ ಸಹಾರಿನ ಸರಕು ಗೇಟಿಗೆ ಹೋದರು. ನಾನು ಶ್ರೇಯಾಳ ಜೊತೆ ಈ ಕಡೆ ನಿಂತೆ.

ಕಟಾಂಜನದ ಬಳಿ ಸಂತೆಯಷ್ಟು ಜನ. ಹೂಗುಚ್ಛ ಹಿಡಿದ ಹುಡುಗ, ಬಲೂನು ಹಿಡಿದ ಮಕ್ಕಳು, ಯಾರದೋ ಹೆಸರು ಬರೆದ ಹಲಗೆಯನ್ನು ಎದೆಗೆ ಒತ್ತಿಕೊಂಡ ಡ್ರೈವರ್‌ಗಳು. ನಾನೊಬ್ಬಳೇ ಬರಿಗೈಲಿ ಇದ್ದೆ. ಶ್ರೇಯಾ ಫೋನು ತೋರಿಸಿದಳು. ನೀಲಿ ಸಮುದ್ರದ ಮೇಲೆ ಸಣ್ಣ ಹಳದಿ ವಿಮಾನ. ಅದು ಊರಿನ ಹತ್ತಿರ ಬಂದು ತಿರುಗಿಕೊಂಡಿತು.

"ಅತ್ತೆ, ಪ್ಲೇನು ಗೋಲ್ ಗೋಲ್ ಹೋಗ್ತಾ ಇದೆ," ಎಂದಳು.  "ದೊಡ್ಡಪ್ಪನ್ನ ಕೂಡ ಇವರು..." ಕನ್ನಡದಲ್ಲಿ ಮುಂದಿನ ಮಾತು ಅವಳಿಗೆ ಸಿಗಲಿಲ್ಲ. ಹಿಂದಿಯಲ್ಲೂ ಸಿಗಲಿಲ್ಲ.

ನಾನು ನೋಡುತ್ತಾ ನಿಂತೆ. ಅವನು ನಮ್ಮನ್ನು ಹೇಗೆ ನೋಡುತ್ತಾ ಮಲಗಿದ್ದನೋ ಹಾಗೇ. ಇಳಿದ್ರಾ ಎಂದು ಕೇಳಲು ನನಗೆ ಯಾರೂ ಇರಲಿಲ್ಲ.

ಅತ್ತಿಗೆ ಹೊರಗೆ ಬಂದಾಗ ನಾನು ಗುರುತು ಹಿಡಿಯುವುದು ತಡವಾಯಿತು. ಅಷ್ಟು ಇಳಿದುಹೋಗಿದ್ದರು. ಕೈಯಲ್ಲಿ ಒಂದೇ ಸಣ್ಣ ಚೀಲ. ನನ್ನನ್ನು ಕಂಡು ಮೊದಲು ಕೇಳಿದ್ದು: "ಅವರು ಬಂದ್ರಾ?"

"ಪ್ರಸನ್ನ ಹೋಗಿದ್ದಾನೆ ಅತ್ತಿಗೆ."

ಅವರು ನನ್ನ ಹೆಗಲಿಗೆ ಹಣೆ ಇಟ್ಟರು. ಸುತ್ತ ಜನ ತಮ್ಮ ತಮ್ಮವರನ್ನು ತಬ್ಬಿಕೊಳ್ಳುತ್ತಿದ್ದರು. ನಾವೂ ಅವರಂತೆಯೇ ಕಂಡಿರಬೇಕು.

"ಮೇಲೆ ಸುತ್ತಿಸಿದ್ದೇ ಸುತ್ತಿಸಿದ್ದು," ಎಂದರು ಕಾರಿನಲ್ಲಿ. "ಜನ ಎಲ್ಲ ಗೊಣಗ್ತಿದ್ರು. ನಂಗೆ ಮಾತ್ರ ಇಳಿಯೋದೇ ಬೇಡ ಅನ್ನಿಸ್ತಿತ್ತು. ಇಳಿದ್ರೆ ಮುಗೀತಲ್ಲ. ಮೇಲಿರೋ ತನಕ ಅವರೂ ನಾನೂ ಒಟ್ಟಿಗಿದ್ವಿ. ನಾನು ಮೇಲೆ, ಅವರು ಕೆಳಗೆ, ಅಷ್ಟೇ."

ಶ್ರೇಯಾ ಮುಂದಿನ ಸೀಟಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಈ ಕನ್ನಡ ಅವಳಿಗೆ ಪೂರ್ತಿ ಅರ್ಥವಾಗಿತ್ತು.

ಸರಕಿನ ಗೇಟಿನ ಎದುರಿಗೆ ಒಂದು ಉಡುಪಿ ಹೋಟೆಲು. ಮಾಲೀಕರು ಸುಧಾಕರ ಶೆಟ್ಟರು. ನಾವು ಕನ್ನಡ ಮಾತಾಡುವುದು ಕೇಳಿ ಗಲ್ಲಾ ಬಿಟ್ಟು ಎದ್ದು ಬಂದರು. ಏನು, ಯಾರು ಎಂದು ಕೇಳಲಿಲ್ಲ. ಹಿಂದಿನ ಮೂಲೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿದರು.

"ಒಳಗೆ ಸ್ವಲ್ಪ ಹೊತ್ತು ಆಗ್ತದೆ ಅಮ್ಮ. ವಿಮಾನ ಜಾಸ್ತಿ, ಸಾಮಾನು ಜಾಸ್ತಿ. ನೀವು ಇಲ್ಲಿಯೇ ಕೂತುಕೊಳ್ಳಿ, ಅಲ್ಲಿ ಬಿಸಿಲಲ್ಲಿ ನಿಲ್ಲುದು ಬೇಡ. ಬರುವಾಗ ನಾನೇ ಹೇಳ್ತೇನೆ." ಅತ್ತಿಗೆಯ ಮುಂದೆ ಒಂದು ಲೋಟ ಗಂಜಿನೀರು ತಂದಿಟ್ಟರು. "ಉಪ್ಪು ಹಾಕಿದ್ದೇನೆ. ಒಂದು ಗುಟುಕು ತೆಗೊಳ್ಳಿ."

ಅತ್ತಿಗೆ ಉಪ್ಪು ಎಂಬ ಮಾತು ಕೇಳಿ ಲೋಟವನ್ನೇ ನೋಡುತ್ತಾ ಕೂತರು. ಆಮೇಲೆ ಕುಡಿದರು. ಆ ಹೊತ್ತಿನಲ್ಲೇ ಅವರು ಹೇಳಿದ್ದು: ಊರಿಗೆ ಯಾವುದೇ ಕೂಲಿಯವನ ಶವ ಹೊರಟರೂ ಅಣ್ಣಯ್ಯ ಆಫೀಸಿನ ಕುರ್ಚಿ ಬಿಟ್ಟು ಗೋದಾಮಿಗೆ ಹೋಗಿ, ಪೆಟ್ಟಿಗೆ ವಿಮಾನಕ್ಕೆ ಏರುವ ತನಕ ನಿಂತಿರುತ್ತಿದ್ದನಂತೆ. "ಈಗ ಅವರ ಕೈಕೆಳಗೆ ಬೆಳೆದ ಹುಡುಗರೇ ಇವರನ್ನ ಹತ್ತಿಸಿದ್ರು. ಬಾಂಗ್ಲಾದವನೊಬ್ಬ, ಕೇರಳದವನೊಬ್ಬ. ಪೆಟ್ಟಿಗೆ ಮೇಲೆ ಕೈಯಿಟ್ಕೊಂಡೇ ನಿಂತಿದ್ರು."

ಪೆಟ್ಟಿಗೆ ಬಂದದ್ದು ಖರ್ಜೂರದ ರಟ್ಟಿನ ಡಬ್ಬಗಳ ಹಿಂದೆ, ಸರಕು ಎತ್ತುವ ಗಾಡಿಯಲ್ಲಿ. ಗಾಡಿಯವನು ಅದನ್ನು ಬಹಳ ನಿಧಾನಕ್ಕೆ ಇಳಿಸಿದ. ಪ್ರಸನ್ನ ಪಕ್ಕದಲ್ಲೇ ನಡೆದು ಬಂದ. ಎಲ್ಲಿ ಹೋಗಬೇಕೆಂದು ಯಾರನ್ನೂ ಕೇಳುತ್ತಿರಲಿಲ್ಲ. ದಾರಿ ಬಿಡಿ ಎಂದು ಅವನೇ ಹಿಂದಿಯಲ್ಲಿ ಹೇಳುತ್ತಿದ್ದ. ಅವನಿಗೆ ಹಿಂದಿ ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ.

ಗೋರೆಗಾಂವ್

ಮೈಸೂರಿನಲ್ಲಾಗಿದ್ದರೆ ಬೀದಿಯೇ ಬಂದು ಜಗಲಿಯ ಮೇಲೆ ಕೂರುತ್ತಿತ್ತು. ಇಲ್ಲಿ ರಮೇಶನ ಅಪಾರ್ಟ್‌ಮೆಂಟ್ ಸೊಸೈಟಿಯವರು ಗೋರೆಗಾಂವಿನ ಸ್ಮಶಾನಕ್ಕೆ ನೇರವಾಗಿ ಬಂದರು. ಆಫೀಸಿನ ಬಟ್ಟೆ, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ. ಅಣ್ಣಯ್ಯನನ್ನು ಒಬ್ಬರೂ ನೋಡಿದವರಲ್ಲ. ಬಂದರು, ಚಪ್ಪಲಿ ಕಳಚಿದರು, ಹೆಗಲು ಕೊಟ್ಟರು, ಅತ್ತಿಗೆಗೆ ಕೈಮುಗಿದು ಲೋಕಲ್ ಹಿಡಿಯಲು ಹೋದರು. ಹೀಗೂ ಒಂದು ಸಾವಿಗೆ ಬರಬಹುದೇ ಎಂದು ಮೊದಲು ಮನಸ್ಸಿಗೆ ಚುಚ್ಚಿತು. ಆಮೇಲೆ ಯೋಚಿಸಿದೆ. ಈ ಊರಿನಲ್ಲಿ ಒಂದು ರೈಲು ಬಿಟ್ಟು ಬರುವುದೆಂದರೆ ಸಣ್ಣ ಮಾತಲ್ಲ. ಅವರು ಬಿಟ್ಟು ಬಂದಿದ್ದರು.

ಪುರೋಹಿತರು ಮರಾಠಿಯವರು. ಗೋತ್ರ ಕೇಳಿದರು, ಪ್ರಸನ್ನ ಹೇಳಿದ. ಮೃತರ ಊರು ಯಾವುದೆಂದು ಕೇಳಿದಾಗ ತಡವರಿಸಿದ. ಮೈಸೂರು ಎನ್ನಬೇಕೇ, ಮಸ್ಕತ್ ಎನ್ನಬೇಕೇ? ಅತ್ತಿಗೆ ಹಿಂದಿನಿಂದ "ಕುರ್ಲಾ" ಎಂದರು. ಪುರೋಹಿತರು ಅದನ್ನೇ ಹೇಳಿ ಮುಂದುವರಿಸಿದರು.

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಗಡ್ಡ ಇರಲಿಲ್ಲ. ಯಾರೋ ನುಣ್ಣಗೆ ಕ್ಷೌರ ಮಾಡಿಸಿದ್ದರು. ನನ್ನ ಅಣ್ಣಯ್ಯನ ಮುಖವೇ ಇತ್ತು. ಪ್ರಸನ್ನ ಬಗ್ಗಿ ಅವನ ಕೆನ್ನೆ ಮುಟ್ಟಿದ. "ಅಣ್ಣಯ್ಯ, ಇಲ್ಲೇ ಇದ್ದೀವಿ ಕಣೋ. ಅಕ್ಕನೂ ಇದ್ದಾಳೆ," ಎಂದ. ನಾನು ಅವನ ಕೈಗಳ ಮೇಲೆ ಕೈಯಿಟ್ಟೆ. ಇಷ್ಟು ವರ್ಷ ಆಸ್ಪತ್ರೆಯಲ್ಲಿದ್ದವಳು, ತಣ್ಣನೆಯ ಕೈ ನನಗೆ ಹೊಸದಲ್ಲ. ಆದರೂ ಬೆಚ್ಚಗಾಗುತ್ತದೇನೋ ಎಂದು ಉಜ್ಜಿದೆ.

ಮತ್ತೆ ನಿಲ್ದಾಣ

ಕರ್ಮಗಳು ಮುಗಿದ ಮೇಲೆ ಪ್ರಸನ್ನ ಅಸ್ಥಿ ಹಿಡಿದುಕೊಂಡು ಶ್ರೀರಂಗಪಟ್ಟಣಕ್ಕೆ ರೈಲಿನಲ್ಲಿ ಹೊರಟ. ಅತ್ತಿಗೆ ಮಸ್ಕತ್ತಿಗೆ ಹೋಗಿ ಮನೆ ಖಾಲಿ ಮಾಡಿ ಬರಬೇಕಿತ್ತು. ಒಬ್ಬರನ್ನೇ ಕಳಿಸಲು ನನಗೆ ಮನಸ್ಸಾಗಲಿಲ್ಲ. ನನ್ನ ವೀಸಾ ಇನ್ನೂ ಹಾಗೇ ಇತ್ತು.

ಈ ಸಲ ಬಹಳ ಮುಂಚೆಯೇ ಬಂದು ಕೂತೆವು. ಪಾಸ್‌ಪೋರ್ಟ್ ನೋಡುವ ಅಧಿಕಾರಿ ಖಾಲಿ ಪುಟಗಳನ್ನು ತಿರುವಿಹಾಕಿದ. "ಪೆಹಲೀ ಬಾರ್?"

ಹೌದೆಂದು ತಲೆಯಾಡಿಸಿದೆ.

"ಘೂಮನೇ ಜಾ ರಹೇ ಹೋ?"

ಊರು ನೋಡಲು ಹೊರಟಿದ್ದೀರಾ ಎಂದು ಅವನ ಪ್ರಶ್ನೆ. ಅಣ್ಣನ ಮನೆಗೆ, "ಭಾಯಿ ಕೇ ಘರ್," ಎಂದೆ. ಅವನು ಮುದ್ರೆ ಒತ್ತಿ, ಚೆನ್ನಾಗಿ ಹೋಗಿಬನ್ನಿ ಎಂದು ನಗುತ್ತಾ ಪಾಸ್‌ಪೋರ್ಟ್ ಕೊಟ್ಟ. ಮುಂದಿದ್ದ ಅತ್ತಿಗೆ ನನಗಾಗಿ ನಿಂತಿದ್ದರು. ಅವರಿಗೆ ಕೇಳಿಸಿತ್ತು. ಅವರು ನನ್ನ ಕೈಚೀಲವನ್ನು ತಾವೇ ತೆಗೆದುಕೊಂಡು ನಡೆದರು.

ವಿಮಾನ ನಿಂತ ಜಾಗದಿಂದ ಹೊರಟಿತು. ಸ್ವಲ್ಪ ದೂರ ಸಾಗಿ ನಿಂತಿತು. ನಮ್ಮ ಮುಂದೆ ವಿಮಾನಗಳ ಸಾಲು. ಬಿಸಿಲಿಗೆ ಅವುಗಳ ಬಾಲಗಳು ಹೊಳೆಯುತ್ತಿದ್ದವು. ಒಂದೊಂದೇ ತಿರುಗಿ, ಓಡಿ, ಸಮುದ್ರದ ಕಡೆ ಏಳುತ್ತಿತ್ತು. ಪಕ್ಕದಲ್ಲಿ ಯಾರೋ ಗಡಿಯಾರ ನೋಡಿ ನಾಲಗೆ ಲೊಚಗುಟ್ಟಿದರು.

ಅತ್ತಿಗೆಯ ತಲೆ ನಿಧಾನಕ್ಕೆ ನನ್ನ ತೋಳಿಗೆ ವಾಲಿತು. ನೋಡಿದೆ. ನಿದ್ದೆ. ಬಂದಾಗಿನಿಂದ ಅವರು ನಿದ್ದೆ ಹೋಗಿದ್ದನ್ನು ನಾನು ಕಂಡಿರಲಿಲ್ಲ. ವಂದನಾ ಹಾಸಿದ ಹಾಸಿಗೆಯಲ್ಲಿ ರಾತ್ರಿಯೆಲ್ಲ ಕಣ್ಣುಬಿಟ್ಟುಕೊಂಡೇ ಇರುತ್ತಿದ್ದರು. ಈಗ ಬಾಯಿ ಸ್ವಲ್ಪ ತೆರೆದಿತ್ತು, ಉಸಿರು ಸಣ್ಣಗೆ ಗೊರಗುಟ್ಟುತ್ತಿತ್ತು, ಮಗುವಿನಂತೆ. ಬೆಲ್ಟು ಸರಿಯಾಗಿ ಹಾಕಿದ್ದಾರಾ ಎಂದು ನೋಡಲು ಬಂದ ಗಗನಸಖಿಗೆ ನಾನು ಕಣ್ಣಲ್ಲೇ ಬೇಡ ಎಂದೆ. ಅವಳು ಅತ್ತಿಗೆಯ ಮುಖಕ್ಕೆ ಬೀಸುತ್ತಿದ್ದ ಗಾಳಿಯ ಕಿಂಡಿಯನ್ನು ಸದ್ದಾಗದಂತೆ ತಿರುಗಿಸಿ ಹೋದಳು.

ನನ್ನ ತೋಳು ಜೋಮು ಹಿಡಿಯಿತು. ಅಲುಗಾಡದೆ ಕೂತೆ.